ಕರೆದರೂ ಬಾರದ ರಾಣಿ

ಗ್ರಂಥವೊಂದರ ಮೊದಲನೆಯ ಅಧ್ಯಾಯದಲ್ಲಿ ಕಾಣಿಸಿಕೊಂಡು, ಒಂದೇ ಒಂದು ಮಾತನ್ನೂ ಆಡದೆ, ಆ ಅಧ್ಯಾಯ ಮುಗಿಯುವುದರೊಳಗೆ ಮರೆಯಾಗಿಬಿಡುವ ಪಾತ್ರವೊಂದು ಎರಡು ಸಾವಿರ ವರ್ಷಗಳ ಕಾಲ ಪಂಡಿತರನ್ನು ಕಾಡಿದೆಯೆಂದರೆ ಅಚ್ಚರಿಯೆನಿಸಬಹುದು. ಯೆಹೂದ್ಯರ ಧರ್ಮಗ್ರಂಥದಲ್ಲಿಯೂ ಕ್ರೈಸ್ತರ ಹಳೆಯ ಒಡಂಬಡಿಕೆಯಲ್ಲಿಯೂ ಸೇರಿರುವ ಎಸ್ತೇರಳ ಗ್ರಂಥದ ವಷ್ಟಿ ರಾಣಿ ಅಂಥ ಪಾತ್ರ. ಅವಳು ಮಾಡಿದ್ದು ಇಷ್ಟೇ: ಚಕ್ರವರ್ತಿ ಕರೆಕಳುಹಿಸಿದಾಗ ಬರಲು ಒಪ್ಪಲಿಲ್ಲ. ಏಕೆ ಒಪ್ಪಲಿಲ್ಲವೆಂದು ಗ್ರಂಥ ಹೇಳುವುದಿಲ್ಲ. ಆ ಒಂದು 'ಏಕೆ'ಯ ಸುತ್ತ ಬೆಳೆದ ವ್ಯಾಖ್ಯಾನಗಳ ಕಾಡಿನಲ್ಲಿ ನಾನು ಕೆಲವು ವರ್ಷಗಳಿಂದ ಅಲೆದಾಡುತ್ತಿದ್ದೇನೆ.

ನನ್ನಲ್ಲಿ ಸಮಾಜ ಪಾಠ ಹೇಳಿಸಿಕೊಂಡ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಯಾವುದೇ ಆಧಾರವನ್ನು ಓದುವಾಗ ಮೊದಲು ಏನು ಬರೆದಿದೆಯೆಂದು ನೋಡಿರಿ, ಆಮೇಲೆ ಏನು ಬರೆದಿಲ್ಲವೆಂದು ನೋಡಿರಿ, ಇವೆರಡೂ ಆದ ಮೇಲೆ ನಿಮ್ಮ ಅಭಿಪ್ರಾಯ ಹೇಳಿರಿ ಎಂದು ನಾನು ಪದೇ ಪದೇ ಹೇಳುತ್ತಿದ್ದೆ. ಅದೇ ಕ್ರಮದಲ್ಲಿ ಈ ಕಥೆಯನ್ನೂ ನೋಡೋಣ.

ಕಥೆ ನಡೆಯುವುದು ಪರ್ಷಿಯದ ರಾಜಧಾನಿಗಳಲ್ಲೊಂದಾದ ಶೂಷನ್ ನಗರದಲ್ಲಿ. ಇಂದಿನ ಇರಾನಿನ ನೈರುತ್ಯ ಭಾಗದಲ್ಲಿ ಸೂಸಾ ಎಂಬ ಹೆಸರಿನಲ್ಲಿ ಅದರ ಅವಶೇಷಗಳಿವೆ. ಅಹಷ್ವೇರೋಷ ಎಂದು ಗ್ರಂಥ ಕರೆಯುವ ದೊರೆಯನ್ನು ವಿದ್ವಾಂಸರು ಸಾಮಾನ್ಯವಾಗಿ ಕ್ರಿ.ಪೂ. 486ರಿಂದ 465ರವರೆಗೆ ಆಳಿದ, ಗ್ರೀಸಿನ ಮೇಲೆ ದಂಡೆತ್ತಿ ಹೋದ ಕ್ಸರ್ಕ್ಸೀಸನೆಂದು ಗುರುತಿಸುತ್ತಾರೆ. ಅವನ 127 ಸಂಸ್ಥಾನಗಳು 'ಹೋದು'ವಿನಿಂದ 'ಕೂಷ್'ವರೆಗೆ ಹಬ್ಬಿದ್ದವೆಂದು ಮೊದಲನೆಯ ವಾಕ್ಯವೇ ತಿಳಿಸುತ್ತದೆ. ಈ ಹೋದು ಎಂಬುದು ನಮ್ಮ ಸಿಂಧು ಶಬ್ದವೇ. ಪರ್ಷಿಯನ್ನರ ಬಾಯಲ್ಲಿ ಹಿಂದುವಾಗಿ, ಹೀಬ್ರೂ ಭಾಷೆಯಲ್ಲಿ ಹೋದು ಆಯಿತು. ಅರಮನೆಯ ತೋಟದಲ್ಲಿ ಕಟ್ಟಿದ್ದ ಪರದೆಗಳ ಬಟ್ಟೆಗೆ ಅಲ್ಲಿ 'ಕರ್ಪಸ್' ಎಂಬ ಹೆಸರಿದೆ. ಹೀಬ್ರೂ ಬೈಬಲಿನಲ್ಲಿ ಇಲ್ಲಿ ಮಾತ್ರ ಬರುವ ಈ ಪದವೂ ಸಂಸ್ಕೃತದ ಕಾರ್ಪಾಸ, ಅಂದರೆ ಹತ್ತಿ. ಕ್ಸರ್ಕ್ಸೀಸನ ಸೈನ್ಯದಲ್ಲಿ ಹತ್ತಿಯ ಉಡುಪು ತೊಟ್ಟ ಭಾರತೀಯ ಬಿಲ್ಲುಗಾರರಿದ್ದರೆಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸನೂ ಬರೆದಿದ್ದಾನೆ.

ಹಾಗೆಂದು ಇದೆಲ್ಲ ನಡೆದ ಇತಿಹಾಸವೆಂದು ತಿಳಿಯಬೇಕಾಗಿಲ್ಲ. ಹೆರೊಡೊಟಸನ ಲೆಕ್ಕದಲ್ಲಿ ಸಾಮ್ರಾಜ್ಯದ ಪ್ರಾಂತಗಳು 20. ಅವನು ಹೆಸರಿಸುವ ರಾಣಿ ಅಮೆಸ್ಟ್ರಿಸ್. ವಷ್ಟಿಯ ಸುದ್ದಿ ಅಲ್ಲಿಲ್ಲ. ಇತಿಹಾಸದ ಹಿನ್ನೆಲೆಯಲ್ಲಿ ಹೆಣೆದ ಕಥೆಯಿದು ಎಂಬುದೇ ಇಂದಿನ ಬಹುಪಾಲು ವಿದ್ವಾಂಸರ ಮತ. ಅವಳ ಹೆಸರನ್ನು ಪ್ರಾಚೀನ ಇರಾನಿ ಭಾಷೆಯ 'ವಹಿಷ್ಟ' ಶಬ್ದಕ್ಕೆ ಕೆಲವರು ಹೋಲಿಸುತ್ತಾರೆ. ಅತ್ಯುತ್ತಮ ಎಂದು ಅದರ ಅರ್ಥ. ನಮ್ಮ ವಸಿಷ್ಠ ಶಬ್ದದ ದಾಯಾದಿ.

ಇನ್ನು ಕಥೆ. ದೊರೆ ತನ್ನ ಪ್ರಧಾನರಿಗೆ 180 ದಿನಗಳ ಕಾಲ ತನ್ನ ಐಶ್ವರ್ಯವನ್ನು ಪ್ರದರ್ಶಿಸುತ್ತಾನೆ. ಆ ಬಳಿಕ ಶೂಷನ್ ಕೋಟೆಯ ಸಮಸ್ತರಿಗೂ ಏಳು ದಿನಗಳ ಔತಣ. ಬೆಳ್ಳಿಬಂಗಾರದ ಆಸನಗಳು, ಹೊನ್ನಿನ ಪಾನಪಾತ್ರೆಗಳು. ಯಾರನ್ನೂ ಕುಡಿಯಲು ಬಲವಂತಪಡಿಸಕೂಡದು, ಅವರವರ ಇಚ್ಛೆಯಂತೆ ನಡೆಯಲಿ ಎಂದು ರಾಜಾಜ್ಞೆ. ಅತ್ತ ವಷ್ಟಿ ಅರಮನೆಯಲ್ಲಿ ಸ್ತ್ರೀಯರಿಗೆ ಬೇರೆ ಔತಣ ಏರ್ಪಡಿಸಿರುತ್ತಾಳೆ. ಏಳನೆಯ ದಿನ ದ್ರಾಕ್ಷಾರಸ ತಲೆಗೇರಿದ ದೊರೆ ಏಳು ಮಂದಿ ಕಂಚುಕಿಗಳನ್ನು ಕರೆದು, ರಾಣಿಯನ್ನು ಕಿರೀಟಸಹಿತ ಕರೆತನ್ನಿ, ಅವಳ ಸೌಂದರ್ಯವನ್ನು ಎಲ್ಲರೂ ನೋಡಲಿ ಎನ್ನುತ್ತಾನೆ. ಅವಳು ಬರುವುದಿಲ್ಲ. ದೊರೆ ಕೆಂಡಾಮಂಡಲವಾಗುತ್ತಾನೆ.

ಮುಂದಿನದು ಇನ್ನೂ ಸ್ವಾರಸ್ಯಕರ. 127 ಸಂಸ್ಥಾನಗಳ ಒಡೆಯ ತನ್ನ ಹೆಂಡತಿಯ ವಿಚಾರಕ್ಕೆ ನ್ಯಾಯಶಾಸ್ತ್ರಜ್ಞರ ಸಭೆ ಸೇರಿಸುತ್ತಾನೆ! ಮೆಮೂಕಾನನೆಂಬ ಮಂತ್ರಿ, ರಾಣಿ ತಪ್ಪು ಮಾಡಿದ್ದು ದೊರೆಯೊಬ್ಬನಿಗಲ್ಲ, ರಾಜ್ಯದ ಎಲ್ಲ ಗಂಡಸರಿಗೂ ಎಂದು ವಾದಿಸುತ್ತಾನೆ. ಸುದ್ದಿ ಹಬ್ಬಿದರೆ ಎಲ್ಲ ಹೆಂಗಸರೂ ಗಂಡಂದಿರನ್ನು ತಾತ್ಸಾರ ಮಾಡುವರಂತೆ. ಆದ್ದರಿಂದ ವಷ್ಟಿ ಇನ್ನೆಂದೂ ದೊರೆಯ ಮುಂದೆ ಬರಕೂಡದು. ಅವಳ ಸ್ಥಾನ ಅವಳಿಗಿಂತ ಉತ್ತಮಳಾದವಳಿಗೆ ಸಲ್ಲಬೇಕು. ಈ ತೀರ್ಪು ಎಂದಿಗೂ ಬದಲಾಗದ ಪರ್ಷಿಯದ ಶಾಸನಗಳಲ್ಲಿ ಸೇರಬೇಕು. ಕೂಡಲೇ ಪ್ರತಿ ಸಂಸ್ಥಾನಕ್ಕೂ ಅದರದರ ಲಿಪಿಯಲ್ಲಿ, ಅದರದರ ಭಾಷೆಯಲ್ಲಿ ಓಲೆಗಳು ಹೊರಡುತ್ತವೆ. ಪ್ರತಿ ಗಂಡಸೂ ತನ್ನ ಮನೆಗೆ ತಾನೇ ಯಜಮಾನನಾಗಿರತಕ್ಕದ್ದು ಎಂಬುದೇ ಅವುಗಳ ಒಕ್ಕಣೆ.

ಬರೆದಿರುವುದು ಇಷ್ಟು. ಇದನ್ನು ನಿಧಾನವಾಗಿ ಓದಿದವರಿಗೆ ಗ್ರಂಥಕರ್ತನ ತುಟಿಯಂಚಿನ ನಗು ಕಾಣದಿರದು. ಕುಡಿಯುವ ವಿಷಯದಲ್ಲಿ ಪ್ರತಿಯೊಬ್ಬನ ಇಚ್ಛೆಗೂ ರಾಜಾಜ್ಞೆಯ ರಕ್ಷಣೆಯಿದೆ. ಇಚ್ಛೆಯಿಲ್ಲವೆಂದ ರಾಣಿಗೆ ಮಾತ್ರ ಇಲ್ಲ. ಬರಲೊಲ್ಲದವಳಿಗೆ ಬರಬಾರದೆಂಬುದೇ ಶಿಕ್ಷೆ. ಸುದ್ದಿ ಹಬ್ಬಬಾರದೆಂದು ಹೆದರಿದವರು ತಾವೇ ಅದನ್ನು ಊರೂರಿಗೆ ಓಲೆ ಬರೆದು ಹಬ್ಬಿಸುತ್ತಾರೆ. ರಾಣಿ ಅಲ್ಲಗಳೆದಳು ಎಂಬುದಕ್ಕೆ ಬಳಸಿರುವ ಹೀಬ್ರೂ ಕ್ರಿಯಾಪದವೇ ಆದಿಕಾಂಡದಲ್ಲಿ ಯೋಸೇಫನು ಒಡೆಯನ ಹೆಂಡತಿಯ ದುರಾಸೆಯನ್ನು ನಿರಾಕರಿಸಿದ ಸಂದರ್ಭದಲ್ಲಿಯೂ ಬಂದಿದೆ. ಅಲ್ಲಿ ಆ ನಿರಾಕರಣೆ ಶೀಲದ ಗುರುತು. ಇಲ್ಲಿ?

ನಮ್ಮವರಿಗೆ ಈ ಹಂತದಲ್ಲಿ ಸಭಾಪರ್ವದ ದ್ರೌಪದಿ ನೆನಪಾಗುವುದು ಸಹಜ. ಗಂಡಸರು ತುಂಬಿದ ಸಭೆ, ಕರೆಯಲು ಬಂದ ದೂತ, ಬರಲೊಲ್ಲದ ರಾಣಿ: ಚೌಕಟ್ಟು ಒಂದೇ. ಆದರೆ ದ್ರೌಪದಿಗೆ ವ್ಯಾಸರು ಮಾತು ಕೊಟ್ಟರು. ಪ್ರಾತಿಕಾಮಿಯನ್ನು ಅವಳು ಪ್ರಶ್ನೆಯೊಡನೆ ಹಿಂದಿರುಗಿಸಿದಳು. ಆ ಪ್ರಶ್ನೆಗೆ ಭೀಷ್ಮನೂ ತಡವರಿಸಿದ. ವಷ್ಟಿಯ ಪ್ರಶ್ನೆ ಏನಾಗಿತ್ತೆಂದು ಹೇಳುವವರಿಲ್ಲ. ಕಂಚುಕಿಗಳಿಗೆ ಅವಳು ಏನೆಂದು ಹೇಳಿ ಕಳುಹಿಸಿದಳೋ ಅದು ಅರಮನೆಯ ಓಣಿಯಲ್ಲೇ ಉಳಿದುಹೋಯಿತು. ಖಾಲಿ ಉಳಿದ ಆ ಜಾಗವನ್ನು ತುಂಬಲು ಬಂದವರ ಸಾಲು ಮಾತ್ರ ಬಲು ಉದ್ದ.

ಮೊದಲು ಬಂದವರಲ್ಲಿ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಒಬ್ಬ. ಕ್ರಿ.ಶ. ಒಂದನೆಯ ಶತಮಾನದ ಕೊನೆಯಲ್ಲಿ ರೋಮಿನಲ್ಲಿ ಕುಳಿತು ಬರೆದ ಆತನ ಪ್ರಕಾರ, ಪರಪುರುಷರ ಕಣ್ಣಿಗೆ ಹೆಂಡಂದಿರು ಬೀಳಕೂಡದೆಂಬ ಪರ್ಷಿಯದ ಕಟ್ಟಳೆಯನ್ನು ರಾಣಿ ಪಾಲಿಸಿದಳು. ಅಂದರೆ ಕಾನೂನು ಮುರಿದವನು ದೊರೆ, ಉಳಿಸಿದವಳು ರಾಣಿ. ಆದರೆ ಹೆರೊಡೊಟಸನು ಹೇಳುವ ಇನ್ನೊಂದು ಕಥೆಯಲ್ಲಿ ಪರ್ಷಿಯದ ರಾಯಭಾರಿಗಳು ಮ್ಯಾಸಿಡೋನಿಯದ ಔತಣದಲ್ಲಿ, ನಮ್ಮಲ್ಲಿ ಹೆಂಡಂದಿರೂ ಪಕ್ಕದಲ್ಲಿ ಕೂರುವ ವಾಡಿಕೆಯಿದೆ, ನಿಮ್ಮವರನ್ನೂ ಕರೆಸಿರಿ ಎನ್ನುತ್ತಾರೆ. ಒಂದು ದೇಶದ ಒಂದೇ ವಾಡಿಕೆಯ ಬಗ್ಗೆ ಎರಡು ಮಾತು! ಆದ್ದರಿಂದ ಜೋಸೆಫಸನ ಕಾರಣವೂ ಒಂದು ಊಹೆಯೆಂದೇ ತಿಳಿಯಬೇಕಾಗುತ್ತದೆ.

ಬ್ಯಾಬಿಲೋನಿನ ತಾಲ್ಮುದಿನ ಪಂಡಿತರು ಅವಳ ಮೇಲೆ ಕನಿಕರ ತೋರಲಿಲ್ಲ. ಅವರ ಪಾಲಿಗೆ ವಷ್ಟಿ ಯೆರೂಸಲೇಮಿನ ದೇವಾಲಯವನ್ನು ಸುಟ್ಟ ನೆಬೂಕದ್ನೆಚ್ಚರನ ವಂಶದವಳು. ಯೆಹೂದ್ಯ ಹೆಣ್ಣುಮಕ್ಕಳ ಬಟ್ಟೆ ಕಳಚಿಸಿ, ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲಿ ದುಡಿಸಿಕೊಂಡವಳು. ಅದಕ್ಕಾಗಿಯೇ ಏಳನೆಯ ದಿನ ಅವಳಿಗೆ ಕೇಡು ಬಂದಿತು. ದೊರೆ ಅವಳನ್ನು ಕಿರೀಟವಲ್ಲದೆ ಬೇರೇನನ್ನೂ ಧರಿಸದೆ ಬರಹೇಳಿದನೆಂದೂ, ಅವಳು ಬಾರದಿದ್ದುದು ನಾಚಿಕೆಯಿಂದಲ್ಲ, ಮೈಯಲ್ಲಿ ತೊನ್ನು ಎದ್ದುದರಿಂದ ಎಂದೂ ಹೇಳಿದರು. ಗಬ್ರಿಯೇಲ ದೂತ ಬಂದು ಅವಳಿಗೆ ಬಾಲ ಮೂಡಿಸಿದನೆಂದು ಹೇಳಿದವರೂ ಉಂಟು. ಅದೇ ಪಂಡಿತರು ಅವಳ ಬಾಯಲ್ಲಿ ಒಂದು ಗಟ್ಟಿ ಮಾತನ್ನೂ ಇರಿಸಿದ್ದಾರೆ: ನೀನು ನನ್ನ ತಂದೆಯ ಲಾಯದಲ್ಲಿದ್ದವನು, ಆತ ಸಾವಿರ ಮಂದಿಯ ಮುಂದೆ ಕುಡಿದರೂ ಬುದ್ಧಿ ಕಳೆದುಕೊಳ್ಳಲಿಲ್ಲ ಎಂಬುದು ಅದರ ಭಾವ. ಎಸ್ತೇರ್ ರಬ್ಬಾ ಎಂಬ ಮತ್ತೊಂದು ವ್ಯಾಖ್ಯಾನದಲ್ಲಿ ಅವಳು ದೊರೆಗೆ ನಯವಾಗಿ ಬುದ್ಧಿ ಹೇಳುತ್ತಾಳೆ: ನಾನು ಚೆಲುವೆಯೆಂದು ಕಂಡರೆ ಅವರು ನಿನ್ನನ್ನು ಕೊಂದಾರು, ಕುರೂಪಿಯೆಂದು ಕಂಡರೆ ನಿನಗೇ ಅವಮಾನ.

ಈ ಪಂಡಿತರನ್ನು ಜರೆಯುವುದು ಸುಲಭ. ಆದರೆ ಅವರೂ ಪರರಾಜ್ಯದಲ್ಲಿ, ಪರ್ಷಿಯದ ಸಸಾನಿಯನ್ ದೊರೆಗಳ ಕೈಕೆಳಗೆ ಬದುಕುತ್ತಿದ್ದವರು. ಲೋಕದಲ್ಲಿ ಕಾರಣವಿಲ್ಲದೆ ಯಾರೂ ಬೀಳುವುದಿಲ್ಲ ಎಂಬ ನಂಬಿಕೆ ಅವರಿಗೆ ಬೇಕಾಗಿತ್ತು. ವಷ್ಟಿ ಬೀಳದಿದ್ದರೆ ಎಸ್ತೇರಳು ಸಿಂಹಾಸನವೇರುವಂತಿಲ್ಲ; ಬಿದ್ದವಳು ನಿರಪರಾಧಿಯಾದರೆ ದೇವರ ನ್ಯಾಯಕ್ಕೆ ಕುಂದು. ಆದಕಾರಣ ಅವಳಿಗೆ ಒಂದು ಅಪರಾಧವನ್ನು ಹೊರಿಸಲೇಬೇಕಾಯಿತು.

ಕ್ರೈಸ್ತ ವ್ಯಾಖ್ಯಾನಕಾರರ ಅಗತ್ಯ ಬೇರೆಯಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ಹ್ರಬಾನಸ್ ಮೌರಸ್ ಎಂಬ ಜರ್ಮನ್ ಮಠಾಧಿಪತಿ ಎಸ್ತೇರಳ ಗ್ರಂಥಕ್ಕೆ ಟೀಕೆ ಬರೆದು, ತಿರಸ್ಕೃತಳಾದ ವಷ್ಟಿ ಯೆಹೂದ್ಯರ ಸಭಾಮಂದಿರದ ಸಂಕೇತ, ಅವಳ ಸ್ಥಾನಕ್ಕೆ ಬಂದ ಎಸ್ತೇರಳು ಕ್ರೈಸ್ತಸಭೆಯ ಸಂಕೇತ ಎಂದು ಅರ್ಥ ಹೇಳಿದ. ವಿಪರ್ಯಾಸವನ್ನು ಗಮನಿಸಿರಿ: ಯೆಹೂದ್ಯರು ವಿನಾಶದಿಂದ ಪಾರಾದ ಕಥೆಯಲ್ಲಿ, ಹೊರದೂಡಲ್ಪಟ್ಟವಳ ಮುಖಕ್ಕೆ ಯೆಹೂದ್ಯರ ಹೆಸರನ್ನೇ ಅಂಟಿಸಲಾಯಿತು. ಹದಿಮೂರನೆಯ ಶತಮಾನದಲ್ಲಿ ಸ್ಟ್ರಾಸ್‌ಬರ್ಗ್ ಮಹಾದೇವಾಲಯದ ಬಾಗಿಲಲ್ಲಿ ಕಡೆದು ನಿಲ್ಲಿಸಿದ ಇಬ್ಬರು ಸ್ತ್ರೀಯರ ಶಿಲ್ಪಗಳಿಗೂ ಇದೇ ಅರ್ಥ. ಒಬ್ಬಳು ಕಿರೀಟ ಧರಿಸಿ ತಲೆಯೆತ್ತಿ ನಿಂತಿದ್ದಾಳೆ. ಇನ್ನೊಬ್ಬಳ ಕಣ್ಣಿಗೆ ಬಟ್ಟೆ, ಕೈಯಲ್ಲಿ ಮುರಿದ ಭರ್ಜಿ. ಇಂಥ ಸಂಕೇತಗಳ ನೆರಳಿನಲ್ಲಿ ಯೂರೋಪಿನ ಯೆಹೂದ್ಯರು ಪಟ್ಟ ಪಾಡನ್ನು ಇತಿಹಾಸ ಓದಿದವರಿಗೆ ಹೇಳಬೇಕಾಗಿಲ್ಲ. 1522ರಲ್ಲಿ ಮಾರ್ಟಿನ್ ಲೂಥರ್ ವಿವಾಹಜೀವನವನ್ನು ಕುರಿತು ಬರೆಯುತ್ತ, ಗಂಡನೊಡನೆ ಕೂಡಲು ಹೆಂಡತಿ ಪಟ್ಟುಹಿಡಿದು ಒಪ್ಪದಿದ್ದರೆ ವಷ್ಟಿಯನ್ನು ಬಿಟ್ಟು ಎಸ್ತೇರಳನ್ನು ತಂದುಕೊಳ್ಳಲಿ ಎಂದ. ಹ್ರಬಾನಸನ ಕೈಯಲ್ಲಿ ಸಂಕೇತವಾಗಿದ್ದವಳು ಇಲ್ಲಿ ಮನೆಮನೆಯ ಎಚ್ಚರಿಕೆಯ ಮಾತಾದಳು.

ಹತ್ತೊಂಬತ್ತನೆಯ ಶತಮಾನದಲ್ಲಿ ಗಾಳಿ ತಿರುಗಿತು. ಟೆನಿಸನ್ 1847ರಲ್ಲಿ ಪ್ರಕಟಿಸಿದ, ಹೆಣ್ಣುಮಕ್ಕಳ ವಿದ್ಯಾಪೀಠವನ್ನು ಕುರಿತ ದೀರ್ಘಕಾವ್ಯದಲ್ಲಿ ವಷ್ಟಿಯ ಹೆಸರು ಗೌರವದಿಂದ ಬರುತ್ತದೆ. ಎಡ್ವಿನ್ ಲಾಂಗ್ ಎಂಬ ಆಂಗ್ಲ ಕಲಾವಿದ 1879ರಲ್ಲಿ ಅವಳ ನಿರಾಕರಣೆಯನ್ನು ಚಿತ್ರಿಸಿದ. ಅಮೆರಿಕದಲ್ಲಿ ಸ್ತ್ರೀಯರ ಮತಾಧಿಕಾರಕ್ಕೆ ಹೋರಾಡಿದ ಎಲಿಜಬೆತ್ ಕೇಡಿ ಸ್ಟಾಂಟನ್ 1895 ಮತ್ತು 1898ರಲ್ಲಿ ಎರಡು ಭಾಗಗಳಾಗಿ ಹೊರತಂದ 'ಸ್ತ್ರೀಯರ ಬೈಬಲ್' ವಷ್ಟಿಯನ್ನು ಆತ್ಮಗೌರವದ ಪ್ರತಿಮೆಯಾಗಿ ಎತ್ತಿಹಿಡಿಯಿತು. ಆ ಪುಸ್ತಕದ ಮೊದಲ ಭಾಗಕ್ಕೆ ಬಂದ ವಿರೋಧ ಎಷ್ಟಿತ್ತೆಂದರೆ, 1896ರಲ್ಲಿ ಮತಾಧಿಕಾರ ಹೋರಾಟದ ರಾಷ್ಟ್ರೀಯ ಸಂಘವೇ ತನಗೂ ಅದಕ್ಕೂ ಸಂಬಂಧವಿಲ್ಲವೆಂದು ನಿರ್ಣಯ ಮಾಡಿತು. 1970ರ ದಶಕದಲ್ಲಿ ಮೇರಿ ಗೆಂಡ್ಲರ್ ಎಂಬ ಯೆಹೂದ್ಯ ಲೇಖಕಿ, ನಮ್ಮ ಹೆಣ್ಣುಮಕ್ಕಳಿಗೆ ಎಸ್ತೇರಳೊಬ್ಬಳೇ ಆದರ್ಶವಾದರೆ ಸಾಲದು, ವಷ್ಟಿಯನ್ನೂ ಮರಳಿ ತರಬೇಕು ಎಂದು ಬರೆದಳು.

ಈ ಹೊಸ ವ್ಯಾಖ್ಯಾನಗಳು ನನಗೆ ಹೆಚ್ಚು ಒಪ್ಪಿಗೆಯಾಗುತ್ತವೆ. ಆದರೂ ಮೇಷ್ಟರ ಕೆಂಪು ಶಾಯಿ ಸುಮ್ಮನಿರುವುದಿಲ್ಲ. ವಷ್ಟಿ ಎಲ್ಲ ಸ್ತ್ರೀಯರ ಪರವಾಗಿ ನಿಂತಳೆಂದು ಎಲ್ಲಿ ಬರೆದಿದೆ? ಅವಳ ಅರಮನೆಯ ದಾಸಿಯರು ಸುಖವಾಗಿದ್ದರೆಂದು ಎಲ್ಲಿದೆ? ತೊನ್ನು ಹೇಗೆ ಊಹೆಯೋ ಕ್ರಾಂತಿಯೂ ಹಾಗೆಯೇ ಊಹೆ. ಹಾಗಾದರೆ ಕಾರಣ ತಿಳಿಯದ ನಿರಾಕರಣೆಯನ್ನು ಏನು ಮಾಡಬೇಕು? ಈ ಪ್ರಶ್ನೆ ನನಗೆ ಕೇವಲ ಗ್ರಂಥದ ಪ್ರಶ್ನೆಯಲ್ಲ.

ಬಂಧುಗಳಲ್ಲಿ ಹಿರಿಯರಿಗೆ ನೆನಪಿರುತ್ತದೆ. 1971ರ ಬೇಸಿಗೆ. ದೊಡ್ಡಪ್ಪನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ಕೇಸರಿಬಾತು, ಉಪ್ಪಿಟ್ಟು ಸಿದ್ಧವಾಗಿತ್ತು. ಹಾಡಬೇಕಾದ ದೇವರನಾಮವೂ ಗೊತ್ತಾಗಿತ್ತು. ನನಗಾಗ ಹನ್ನೊಂದು ವರ್ಷ. ಅಕ್ಕನನ್ನು ಕರೆದುಕೊಂಡು ಬಾ ಎಂದು ನನ್ನನ್ನೇ ನಡುಮನೆಗೆ ಕಳುಹಿಸಿದರು. ಅವಳು ಕಿಟಕಿಯ ಬಳಿ ನಿಂತಿದ್ದಳು. "ಬರಲ್ಲ ಅಂತ ಹೇಳು ಹೋಗೋ" ಎಂದಳು. ದೊಡ್ಡಮ್ಮ ಬಂದರು, ಸೋದರತ್ತೆ ಬಂದರು, ಯಾಕೆ ಯಾಕೆ ಎಂದು ಕೇಳಿದರು. ಅವಳು ಮತ್ತೆ ಬಾಯಿ ತೆರೆಯಲಿಲ್ಲ. ಬಂದವರು ಎದ್ದು ಹೋದರು.

ಆ ಮೇಲೆ ಕಾರಣಗಳ ಸುಗ್ಗಿ. ಯಾರೋ ಮನಸ್ಸಿನಲ್ಲಿದ್ದಾನೆ ಎಂದರು. ಯಾವುದೋ ಗಾಳಿ ಸೋಕಿದೆ ಎಂದರು. ಬಹಿರಂಗಪಡಿಸಲಾಗದ ಕಾಯಿಲೆಯೆಂದು ಪಿಸುಗುಟ್ಟಿದರು. ಕೊನೆಗೆ ಪಿಯುಸಿವರೆಗೆ ಓದಿಸಿದ್ದೇ ಕಾರಣವೆಂದು ತೀರ್ಮಾನವಾಯಿತು. ನಮ್ಮ ಮನೆಯಲ್ಲಿಯೂ ಒಬ್ಬ ಮೆಮೂಕಾನನಿದ್ದ ಎನ್ನುವುದಕ್ಕಿಂತ, ಎಲ್ಲರಲ್ಲಿಯೂ ಸ್ವಲ್ಪ ಸ್ವಲ್ಪ ಇದ್ದ ಎನ್ನಬೇಕು. ಇನ್ನು ಮುಂದೆ ಮನೆಯ ಹೆಣ್ಣುಮಕ್ಕಳಿಗೆ ಎಸ್ಸೆಸ್ಸೆಲ್ಸಿ ಸಾಕು ಎಂದು ಹಿರಿಯರು ಕಟ್ಟಳೆ ಮಾಡಿದರು. ಒಬ್ಬಳು ಬರಲ್ಲ ಎಂದುದಕ್ಕೆ ಶಿಕ್ಷೆ ಉಳಿದವರಿಗೆ. ಆಗ ಒಂಬತ್ತನೆಯ ತರಗತಿಯಲ್ಲಿ, ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದ ನನ್ನ ಒಡಹುಟ್ಟಿದ ಅಕ್ಕ ಕಾಲೇಜಿನ ಮೆಟ್ಟಿಲು ಹತ್ತಲೇ ಇಲ್ಲ. ಎಪ್ಪತ್ತರ ಸಮೀಪಕ್ಕೆ ಬಂದಿರುವ ಅವಳೂ ಇದನ್ನು ಓದುತ್ತಾಳೆ.

ದೊಡ್ಡಪ್ಪನ ಮಗಳು ಮದುವೆಯಾಗದೆ, ಹೊಲಿಗೆ ಕಲಿತು, ಅರ್ಧ ಊರಿನ ಮಕ್ಕಳಿಗೆ ಶಾಲೆಯ ಸಮವಸ್ತ್ರ ಹೊಲಿದುಕೊಟ್ಟು ಬದುಕಿದಳು. ಈಗ ಅವಳಿಲ್ಲ. ಒಮ್ಮೆ, ಅವಳ ಕೊನೆಯ ವರ್ಷಗಳಲ್ಲಿ, ಈ ವಷ್ಟಿಯ ಕಥೆಯನ್ನು ಅವಳಿಗೆ ಹೇಳಿದ್ದೆ. ಯಾಕೆ ಬರಲಿಲ್ಲ ಎಂದು ಅವಳು ಕೇಳಲಿಲ್ಲ. "ಆಮೇಲೆ ಅವಳೇನಾದಳು?" ಎಂದಳು. ಗ್ರಂಥದಲ್ಲಿ ಬರೆದಿಲ್ಲ ಎಂದೆ. ಸೂಜಿಗೆ ದಾರ ಪೋಣಿಸುತ್ತ, "ಬರೀದೆ ಇದ್ದದ್ದೇ ಒಳ್ಳೇದಾಯ್ತು ಬಿಡು" ಎಂದಳು.

ಇದಾದ ಮೇಲೆ ಗ್ರಂಥದ ಉಳಿದ ಅಧ್ಯಾಯಗಳನ್ನು ನಾನು ಬೇರೆ ಬಗೆಯಲ್ಲಿ ಓದತೊಡಗಿದೆ. ಕಥೆಯಲ್ಲಿ ಆಜ್ಞೆ ಮೀರುವವಳು ವಷ್ಟಿಯೊಬ್ಬಳೇ ಅಲ್ಲ. ಎಸ್ತೇರಳನ್ನು ಸಾಕಿದ ಮೊರ್ದೆಕೈ, ಮಂತ್ರಿ ಹಾಮಾನನಿಗೆ ಅಡ್ಡಬೀಳಬೇಕೆಂಬ ರಾಜಾಜ್ಞೆಯನ್ನು ಮೀರುತ್ತಾನೆ. ತಾನು ಯೆಹೂದ್ಯನೆಂದು ಹೇಳಿದ್ದನ್ನು ಬಿಟ್ಟರೆ ಅವನೂ ವಿವರವಾದ ಕಾರಣ ಕೊಡುವುದಿಲ್ಲ. ಆಗ ಹಾಮಾನ ಮಾಡುವುದೇನು? ಒಬ್ಬನ ಅವಿಧೇಯತೆಗೆ ಇಡೀ ಜನಾಂಗವನ್ನೇ ಅಳಿಸಲು ಶಾಸನ ಹೊರಡಿಸುತ್ತಾನೆ. ಮತ್ತೆ ಪ್ರತಿ ಸಂಸ್ಥಾನಕ್ಕೂ ಅದರದರ ಲಿಪಿಯಲ್ಲಿ, ಅದರದರ ಭಾಷೆಯಲ್ಲಿ ಓಲೆಗಳು! ಮೆಮೂಕಾನನ ತರ್ಕವೇ ಹಾಮಾನನ ತರ್ಕ. ಇಬ್ಬರೂ ಒಬ್ಬನೇ ಎಂದು ತಾಲ್ಮುದಿನಲ್ಲಿ ಒಂದು ಮಾತಿದೆ. ವಷ್ಟಿಯನ್ನು ದೂರಿದ ಪಂಡಿತರೂ ಈ ನಂಟನ್ನು ಬಲ್ಲರು. ಇನ್ನು ಎಸ್ತೇರಳು, ಕರೆಯಿಲ್ಲದೆ ಒಳಬಂದವರಿಗೆ ಮರಣದಂಡನೆಯೆಂಬ ಕಾನೂನನ್ನು ಬೇಕೆಂದೇ ಮುರಿದು ದೊರೆಯ ಮುಂದೆ ನಿಂತು ತನ್ನ ಜನರನ್ನು ಉಳಿಸುತ್ತಾಳೆ. ಕರೆದಾಗ ಬಾರದವಳು ಒಬ್ಬಳು, ಕರೆಯದೆ ಬಂದವಳು ಇನ್ನೊಬ್ಬಳು. ಸಂಪ್ರದಾಯ ಇವರನ್ನು ಎದುರುಬದುರು ನಿಲ್ಲಿಸಿತು. ನನಗೆ ಇವರು ಒಂದೇ ಬಾಗಿಲಿನ ಒಳಗೆ ಮತ್ತು ಹೊರಗೆ ನಿಂತ ಅಕ್ಕತಂಗಿಯರಂತೆ ಕಾಣುತ್ತಾರೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟೇ: ವಷ್ಟಿಯ ಕಾರಣ ನಮಗೆ ಬೇಕಾಗಿಯೇ ಇಲ್ಲ. ಒಲ್ಲೆನೆಂದವರ ಮೇಲೆ ರೋಗವನ್ನೋ ಪಾಪವನ್ನೋ ಹೊರಿಸುವುದು ಅನ್ಯಾಯ. ನಮ್ಮ ಧ್ಯೇಯವನ್ನು ಹೊರಿಸುವುದೂ ಸ್ವಲ್ಪಮಟ್ಟಿಗೆ ಅನ್ಯಾಯವೇ. ಪರೀಕ್ಷಿಸಬೇಕಾದುದು ಕರೆದವರ ಹಕ್ಕನ್ನು ಮತ್ತು ಬಾರದಿದ್ದಾಗ ಅವರು ಮಾಡಿದ ಕಟ್ಟಳೆಯನ್ನು. ಎರಡೂ ಗ್ರಂಥದಲ್ಲಿ ಸ್ಪಷ್ಟವಾಗಿ ಬರೆದಿವೆ. ಅವಕ್ಕೆ ಊಹೆ ಬೇಡ.

ನಾಲ್ಕನೆಯ ಶತಮಾನದ ರಾವಾ ಎಂಬ ಪಂಡಿತ ಆ ಮೊದಲನೆಯ ಓಲೆಗಳ ಬಗ್ಗೆ ಒಂದು ಸೊಗಸಾದ ಮಾತು ಹೇಳಿದ್ದಾನೆ. ಗಂಡಸೇ ಮನೆಗೆ ಯಜಮಾನನೆಂಬ ರಾಜಶಾಸನವನ್ನು ಕಂಡು ಊರೂರಿನ ಜನ ನಕ್ಕರಂತೆ. ಬಡ ನೇಕಾರನೂ ತನ್ನ ಮನೆಯಲ್ಲಿ ದಳಪತಿಯೇ ಅಲ್ಲವೆ, ಇದಕ್ಕೊಂದು ಶಾಸನವೆ ಎಂದರಂತೆ. ದೊರೆಯ ಬುದ್ಧಿ ಎಷ್ಟೆಂದು ಆಗಲೇ ತಿಳಿದುದರಿಂದ, ಮುಂದೆ ಯೆಹೂದ್ಯರನ್ನು ಕೊಲ್ಲಬೇಕೆಂಬ ಓಲೆ ಬಂದಾಗ ಅವರು ಆತುರಪಡಲಿಲ್ಲ. ಆ ಮೊದಲ ಓಲೆಗಳಿಲ್ಲದಿದ್ದರೆ ಯೆಹೂದ್ಯರಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ ಎನ್ನುತ್ತಾನೆ ರಾವಾ. ಪ್ರತಿವರ್ಷ ಪೂರೀಮ್ ಹಬ್ಬದಲ್ಲಿ ಯೆಹೂದ್ಯರು ಈ ಗ್ರಂಥವನ್ನು ಸುರುಳಿಯಿಂದ ಗಟ್ಟಿಯಾಗಿ ಓದುತ್ತಾರೆ. ಹಾಮಾನನ ಹೆಸರು ಬಂದಾಗಲೆಲ್ಲ ಮಕ್ಕಳು ಗಿರಗಟ್ಟಲೆ ತಿರುಗಿಸಿ, ಕಾಲು ಬಡಿದು, ಆ ಹೆಸರು ಕೇಳಿಸದಂತೆ ಗದ್ದಲವೆಬ್ಬಿಸುತ್ತಾರೆ. ವಷ್ಟಿಯ ಹೆಸರು ಬಂದಾಗ ಅಂಥ ಗದ್ದಲದ ಸಂಪ್ರದಾಯವಿಲ್ಲ. ಅದು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸುತ್ತದೆ.